ದೋಣಿಗೆ ತೂತು ಬೀಳದಂತೆ

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ: ಇಂಗ್ಲಿಷ್ ತರಗತಿಯಲ್ಲಿ ಊರವರಿಗೆಲ್ಲ ಪ್ರಾಕ್ಸಿ ಕೂಗುತ್ತಿದ್ದ ಕಳ್ಳ ನಾನೇ! ಆದರೆ ಅರ್ಧ ತಪ್ಪು ನಮ್ಮ ಮೇಷ್ಟ್ರದ್ದು. ಕಣ್ಣು ಮುಚ್ಚಿಕೊಂಡು ಹಾಜರಿ ತೆಗೆದುಕೊಳ್ಳುವವರನ್ನು ನೀವೆಲ್ಲಾದರೂ ಕಂಡಿದ್ದೀರಾ?

ಅವರ ಪದ್ಧತಿಯೇ ಹಾಗೆ. ನಾವು ಹನ್ನೆರಡು ಜನ. ದೋಣಿಯೊಂದರ ಮೇಲಿನ ಆ ಇಂಗ್ಲಿಷ್ ಪದ್ಯಕ್ಕೂ ಹನ್ನೆರಡೇ ಸಾಲು. ನಂಬರ್ ಕರೆದರೆ ‘ಎಸ್ ಸಾರ್’ ಅನ್ನುವಂತಿಲ್ಲ, ಅವರವರ ಪಾಲಿನ ಸಾಲು ಹೇಳಬೇಕು. ಯಾರಾದರೂ ಬರದಿದ್ದರೆ “ಅಯ್ಯೋ, ದೋಣಿಗೆ ತೂತು ಬಿತ್ತಲ್ರಪ್ಪ!” ಎಂದು ನಿಜಕ್ಕೂ ನೊಂದುಕೊಳ್ಳುತ್ತಿದ್ದರು.

ನಮಗೋ, ಪದ್ಯವೆಂದರೆ ಐದು ಅಂಕದ ಪ್ರಶ್ನೆ, ಅಷ್ಟೇ.

“ಪದ್ಯ ಬುಡಿ ಸಾರ್, ಸಾರಾಂಶ ಬರೆಸ್ಬುಡಿ,” ಎಂದ ಒಮ್ಮೆ ಹಿನಕಲ್‌ನ ಗೆಳೆಯ.

“ಮಸಾಲೆ ದೋಸೆ ಮುಂದಿಟ್ರೆ ಸಾರಾಂಶ ಕೇಳ್ತೀಯೇನಯ್ಯ?”

“ದೋಸೆ ಅರ್ಥ ಆಯ್ತದಲ್ಲ ಸಾರ್!”

ಮೇಷ್ಟ್ರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಸಾರಾಂಶ ಮಾತ್ರ ಬರೆಸಲಿಲ್ಲ!

ಇಂಥಲ್ಲಿ ನನ್ನ ಮಿಮಿಕ್ರಿ ಸೇವೆಗೆ ಬೇಡಿಕೆ ಬಾರದಿರುತ್ತದೆಯೇ? ಹೆಬ್ಬಾಳದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವನ ಸಾಲನ್ನು ಆಕಳಿಸುತ್ತಾ ಹೇಳುತ್ತಿದ್ದೆ. ಗೋಕುಲಂ ಹುಡುಗಿಯದನ್ನು, ಯೋಗ ಕಲಿಯಲು ಬಂದು ಅವರ ಮನೆ ಮಹಡಿಯಲ್ಲಿ ಬಾಡಿಗೆಗಿದ್ದ ವಿದೇಶಿಯರಿಂದ ಅವಳಿಗೆ ಅಂಟಿದ್ದ ಮೂಗಿನ ರಾಗದಲ್ಲಿ. ನನ್ನದೇ ಹನ್ನೆರಡನೇ ಸಾಲನ್ನು? ಸಾಕ್ಷಾತ್ ಮೇಷ್ಟ್ರ ದನಿಯಲ್ಲಿ! ಪದ್ಯವನ್ನು ಬೈದುಕೊಂಡೇ ಇಡೀ ಪದ್ಯ ಬಾಯಿಪಾಠ ಮಾಡಿಕೊಂಡ ಜಾಣ ನಾನು.

ಮೇಷ್ಟ್ರು ನಿವೃತ್ತರಾಗುವ ದಿನ ಬಂತು. ಅದೇ ದಿನ ಯಾವುದೋ ಕಂಪನಿಯ ಸಂದರ್ಶನ. ಹನ್ನೊಂದು ಜನ ಟೈ ಕಟ್ಟಿಕೊಂಡು ಅಲ್ಲಿಗೆ ಹೊರಟರು. ನಾನು? ಮೊದಲ ಸುತ್ತಿನಲ್ಲೇ ಡುಮ್ಕಿ! ಹಾಗಾಗಿ ತರಗತಿಯಲ್ಲಿ ಒಬ್ಬನೇ ಕೂತಿದ್ದೆ.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಬಂದರು. ಖಾಲಿ ಬೆಂಚುಗಳನ್ನು ಒಂದೊಂದಾಗಿ ನೋಡಿದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎಂದಿನಂತೆ ಕಣ್ಣು ಮುಚ್ಚಿದರು.

“ಒಂದು.”

ಕೊನೆಯ ದಿನವೇ ದೋಣಿ ಮುಳುಗಿಸುವುದೇ? ಶುರು ಮಾಡಿದೆ. ಆಕಳಿಕೆ ಬಂತು, ಮೂಗಿನ ರಾಗ ಬಂತು, ಹಿನಕಲ್‌ನವನ ಗಡಸು ಗಂಟಲೂ ಬಂತು. ಮೇಷ್ಟ್ರು ಪ್ರತಿ ಸಾಲಿಗೂ ತಲೆಯಾಡಿಸಿದರು.

“ಹನ್ನೆರಡು.”

ದೋಣಿ ದಡ ಬಿಟ್ಟು ಹೊರಡುವ ಸಾಲು ಅದು. ನೂರು ಸಲ ಹೇಳಿದ್ದೆ. ಏನು ಹೇಳುತ್ತಿದ್ದೆನೆಂದು ಅವತ್ತೇ ಕೇಳಿಸಿದ್ದು. ಮೇಷ್ಟ್ರ ದನಿ ತೆಗೆಯಲು ಹೋದೆ, ಬರಲಿಲ್ಲ. ಯಾರ ದನಿಯೂ ಬರಲಿಲ್ಲ. ನನ್ನದೂ.

ಮೇಷ್ಟ್ರು ಕಣ್ಣು ತೆರೆಯದೆಯೇ ಅಂದರು:

“ಎಲ್ಲಾರೂ ಬಂದವ್ರೆ ಕಣೋ, ನೀನೊಬ್ನೇ ಆಬ್ಸೆಂಟು!”