ಚಾರ್ಟಪ್ಪನ ಸೊನ್ನೆ ಖರ್ಚಿನ ಬೇಸಿಗೆ

ಶಾಲೆಗೆ ಬೇಸಿಗೆ ರಜೆ ಬಿಡಲು ಇನ್ನೂ ಹತ್ತು ದಿನ ಇರುವಾಗಲೇ ಚಾರ್ಟಪ್ಪ ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಣೆ ಮಾಡಿದ.

"ಈ ರಜೆಯಲ್ಲಿ ಮಕ್ಕಳನ್ನ ನೋಡ್ಕೊಳ್ಳೋದಕ್ಕೆ ನಮಗಾಗೋ ಖರ್ಚು ಸೊನ್ನೆ."

ಹೆಂಡತಿ ತಟ್ಟೆಯಿಂದ ತಲೆ ಎತ್ತಿ, "ಮಕ್ಕಳನ್ನ ಯಾರಿಗಾದ್ರೂ ಕೊಟ್ಬಿಡ್ತೀರಾ?" ಎಂದು ಕೇಳಿದಳು.

ಚಾರ್ಟಪ್ಪ ಎಂಬುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಸ್ ಡಿಪೋದವರು ಇಟ್ಟದ್ದು. ಯಾವ ಡ್ರೈವರ್ ಯಾವ ಬಸ್ಸು ಹತ್ತಬೇಕು, ಯಾವ ಕಂಡಕ್ಟರ್ ಎಷ್ಟು ಹೊತ್ತಿಗೆ ಇಳಿಯಬೇಕು ಎಂಬ ಡ್ಯೂಟಿ ಚಾರ್ಟನ್ನು ಹದಿನೇಳು ವರ್ಷದಿಂದ ಬರೆಯುತ್ತಿದ್ದವನು ಅವನೇ. ಒಬ್ಬ ಎದ್ದ ಸೀಟಿನ ಬಿಸಿ ಆರುವುದರೊಳಗೆ ಇನ್ನೊಬ್ಬ ಬಂದು ಕೂತಿರಬೇಕು ಎಂಬುದು ಅವನ ಸಿದ್ಧಾಂತ. ಇಬ್ಬರು ನೌಕರರು ಒಂದೇ ಹೊತ್ತಿಗೆ ಒಂದೇ ಕಡೆ ಬರಿದೇ ನಿಂತಿದ್ದರೆ ಒಬ್ಬನನ್ನಾದರೂ ಅಲ್ಲಿಂದ ಅಟ್ಟುವವರೆಗೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ. ಅಂಥ ಮನುಷ್ಯನಿಗೆ ಕೆಳಗಿನ ಮನೆಯ ಡೇ ಕೇರ್ ಮೇಡಂ ಎರಡು ಮಕ್ಕಳಿಗೆ ಎರಡು ತಿಂಗಳಿಗೆ ಎಂದು ಒಂದು ಮೊತ್ತ ಹೇಳಿದ್ದರು. ಅದು ಅವನ ಒಂದು ತಿಂಗಳ ಸಂಬಳಕ್ಕಿಂತ ಒಂದು ಬಸ್ ಟಿಕೆಟ್ಟಿನಷ್ಟು ಮಾತ್ರ ಕಡಿಮೆ ಇತ್ತು. "ನಮಗೆ ಅದರ ಅಗತ್ಯ ಬೀಳೋದಿಲ್ಲ ಮೇಡಂ" ಎಂದು ಮೀಸೆ ತಿರುವಿ ಮೆಟ್ಟಿಲು ಹತ್ತಿ ಬಂದಿದ್ದ.

ಲೆಕ್ಕ ಹೀಗಿತ್ತು. ಅವನದು ಬೆಳಗಿನ ಪಾಳಿ, ಐದೂವರೆಯಿಂದ ಒಂದೂವರೆ. ಹೆಂಡತಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ. ಬೆಲ್ಟಿನ ಮೇಲೆ ಸಾಗಿ ಬರುವ ಬಿಸ್ಕತ್ತುಗಳಲ್ಲಿ ಮುರಿದದ್ದನ್ನು ಆರಿಸಿ ತೆಗೆಯಬೇಕು, ಒಂಬತ್ತರಿಂದ ಐದರವರೆಗೆ. ಶಾಲೆ ಇರುವಾಗ ಎಲ್ಲ ಸರಿಹೋಗುತ್ತಿತ್ತು. ರಜೆಯಲ್ಲಿ ಬೆಳಗಿನ ಹೊತ್ತು ಮಕ್ಕಳನ್ನು ನೋಡಿಕೊಳ್ಳುವವರಿಲ್ಲ.

"ಎರಡು ತಿಂಗಳು ನೀನು ಎರಡನೇ ಪಾಳಿಗೆ ಹೋಗು" ಎಂದ ಚಾರ್ಟಪ್ಪ. "ಎರಡೂವರೆಯಿಂದ ಹತ್ತೂವರೆ. ಬೆಳಿಗ್ಗೆ ನೀನು ಮನೇಲಿ, ಮಧ್ಯಾಹ್ನದಿಂದ ನಾನು. ನಾನು ಮೆಟ್ಟಿಲು ಹತ್ತುತ್ತಾ ಇರ್ತೀನಿ, ನೀನು ಇಳೀತಾ ಇರ್ತೀಯ. ಒಂದು ನಿಮಿಷಾನೂ ಪೋಲಾಗಲ್ಲ."

"ನೀವು ಒಂಬತ್ತೂವರೆಗೆಲ್ಲ ಮಲಗ್ತೀರಿ, ನಾಲ್ಕಕ್ಕೆ ಎದ್ದು ಹೊರಡ್ತೀರಿ. ನಾವಿಬ್ಬರು ಮಾತಾಡೋದು ಯಾವಾಗ?"

"ಮಾತಾಡೋದು ಇನ್ನೇನು ಬಾಕಿ ಇದೆ? ಹನ್ನೆರಡು ವರ್ಷದಿಂದ ಮಾತಾಡಿದೀವಲ್ಲ."

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನು ಚಾರ್ಟಪ್ಪನಾಗುತ್ತಿರಲಿಲ್ಲ. ಅವಳ ವಾರದ ರಜೆ ಬುಧವಾರ. ಅವಳು ಇಡೀ ದಿನ ಮನೆಯಲ್ಲಿರುವಾಗ ತಾನೂ ಬಂದು ಕೂತರೆ ಅದು ನಷ್ಟ ತಾನೇ? ಆದ್ದರಿಂದ ಬುಧವಾರ ಅವನಿಗೆ ರಾತ್ರಿಯವರೆಗೂ ಓವರ್‌ಟೈಂ. ಅವನ ರಜೆ ಭಾನುವಾರ. ಆದ್ದರಿಂದ ಭಾನುವಾರ ಅವಳಿಗೆ ಬೆಳಗಿನಿಂದಲೇ ಓವರ್‌ಟೈಂ. ಖರ್ಚು ಸೊನ್ನೆಯಾದದ್ದಲ್ಲದೆ ರಜೆಯಿಂದ ಆದಾಯ ಬೇರೆ! ನಾಲ್ಕು ಬಣ್ಣದ ಪೆನ್ನಿನಲ್ಲಿ ಬರೆದ ಚಾರ್ಟನ್ನು ಅವನು ಗೋಡೆಗೆ ಅಂಟಿಸಿದ.

ಹೆಂಡತಿ ಚಾರ್ಟನ್ನು ನೋಡಿದಳು, ಅವನನ್ನು ನೋಡಿದಳು, "ಆಯ್ತು" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆ "ಆಯ್ತು" ಒಪ್ಪಿಗೆಯಲ್ಲ ಎಂಬುದು ಹನ್ನೆರಡು ವರ್ಷ ಸಂಸಾರ ಮಾಡಿದ ಯಾವ ಗಂಡಸಿಗೂ ಗೊತ್ತಾಗಬೇಕಿತ್ತು.

ಬಾಗಿಲ ಪಕ್ಕದ ಮೊಳೆಗೆ ಒಂದು ಚಾರ್ಜ್ ಪುಸ್ತಕವನ್ನೂ ನೇತುಹಾಕಿದ. ಡಿಪೋದಲ್ಲಿ ಬಸ್ಸು ಒಪ್ಪಿಸುವಾಗ ಬರೆಯುವಂತೆ ಇಲ್ಲಿ ಮಕ್ಕಳನ್ನು ಒಪ್ಪಿಸುವಾಗ ಬರೆಯಬೇಕು. ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ, ಆದ ಕೆಲಸ, ಬಾಕಿ ಕೆಲಸ. ಕೊನೆಗೆ ಷರಾ ಎಂಬ ಕಾಲಂ, ಅದು ಕಿರುಬೆರಳಿನಷ್ಟು ಅಗಲ. ಷರಾ ಬರೆಯುವಂಥದ್ದು ಏನೂ ಇರುವುದಿಲ್ಲ ಎಂದು ಅವನ ಅಂದಾಜು.

ಮೊದಲ ವಾರ ದಿಗ್ವಿಜಯ. "ಮಕ್ಕಳು ಎರಡು. ಸುಸ್ಥಿತಿಯಲ್ಲಿ ಒಪ್ಪಿಸಿಕೊಳ್ಳಲಾಗಿದೆ" ಎಂದು ಅವನು ಬರೆದರೆ, "ಹಾಲು ಮುಗಿದಿದೆ. ನನ್ನ ತಾಳ್ಮೆಯೂ" ಎಂದು ಅವಳು ಬರೆದಿರುತ್ತಿದ್ದಳು. ಮಧ್ಯಾಹ್ನ ಎರಡಕ್ಕೆ ಮೆಟ್ಟಿಲ ಮೇಲೆ ಬೀಗದ ಕೈ ಅವಳ ಕೈಯಿಂದ ಅವನ ಕೈಗೆ ಬರುತ್ತಿತ್ತು. ಮಾತಾಡಲು ನಿಂತರೆ ಕಾರ್ಖಾನೆಯ ವ್ಯಾನು ಹೋಗಿಬಿಡುತ್ತಿತ್ತು.

ಡಿಪೋದಲ್ಲಿ ಅವನು ತನ್ನ ಪ್ರತಾಪವನ್ನು ಕೊಚ್ಚಿಕೊಂಡ. ಕೇಳಿಸಿಕೊಂಡವನು ಹದಿನೆಂಟನೇ ರೂಟಿನ ಹಿರಿಯ ಡ್ರೈವರ್. ಅವನ ಹೆಂಡತಿಯೂ ಅದೇ ಡಿಪೋದಲ್ಲಿ ಕಂಡಕ್ಟರ್. ಇಬ್ಬರಿಗೂ ಒಂದೇ ಬಸ್ಸು, ಒಂದೇ ಪಾಳಿ ಕೊಡಿ ಎಂದು ಅವನು ಆರು ಸಲ ಅರ್ಜಿ ಹಾಕಿದ್ದ. ಆರು ಅರ್ಜಿಗಳ ಮೇಲೂ ಚಾರ್ಟಪ್ಪ ಕೆಂಪು ಶಾಯಿಯಲ್ಲಿ, "ಸಂಸಾರದ ಮಾತುಕತೆಗಾಗಿ ಬಸ್ಸು ಓಡಿಸಲಾಗುವುದಿಲ್ಲ" ಎಂದು ಷರಾ ಬರೆದು ತಳ್ಳಿಹಾಕಿದ್ದ.

"ಭೇಷ್ ಸಾರ್. ನೀವೂ ನಮ್ಮ ಸಾಲಿಗೆ ಬಂದ್ರಿ" ಎಂದ ಡ್ರೈವರ್.

"ಯಾವ ಸಾಲಯ್ಯ?"

"ನಾನು ನನ್ನ ಹೆಂಡ್ತಿ ಕೊನೇ ಸಲ ಎದುರುಬದುರು ಕೂತು ಊಟ ಮಾಡಿದ್ದು ಬಸ್ ಮುಷ್ಕರ ಆದಾಗ. ನಾಲ್ಕು ದಿನ ಸಾರ್. ಈಗಲೂ ನೆನೆಸ್ಕೋತೀವಿ."

ಚಾರ್ಟಪ್ಪ ನಕ್ಕು ಅವನನ್ನು ಬಸ್ಸಿಗೆ ಅಟ್ಟಿದ.

ಎಡವಟ್ಟು ಶುರುವಾದದ್ದು ಮೂರನೇ ವಾರ, ಮಗನ ತಲೆಯಿಂದ. ಮಕ್ಕಳಲ್ಲಿ ದೊಡ್ಡವಳಿಗೆ ಹತ್ತು ವರ್ಷ. ಎಲ್ಲದಕ್ಕೂ ವಾದ ಹೂಡುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ವಕೀಲೆ ಎಂದೇ ಹೆಸರು. ಚಿಕ್ಕವನಿಗೆ ಆರು. ಉರುಟು ತಲೆಯ ಅವನನ್ನು ಬಟಾಣಿ ಎಂದು ಕರೆಯುತ್ತಿದ್ದರು. ಸೋಮವಾರ ಚಾರ್ಟಪ್ಪ ಪುಸ್ತಕದ ಬಾಕಿ ಕಾಲಂನಲ್ಲಿ "ಬಟಾಣಿಗೆ ಕಟಿಂಗ್" ಎಂದು ಬರೆದ, ಸಂಜೆ ತಾನೇ ಕರೆದುಕೊಂಡು ಹೋಗಿ ಮಾಡಿಸಿದ, ಪುಸ್ತಕದಲ್ಲಿ ಹೊಡೆದುಹಾಕಲು ಮರೆತ. ಮಂಗಳವಾರ ಬೆಳಿಗ್ಗೆ ಹೆಂಡತಿ ಪುಸ್ತಕ ನೋಡಿದಳು, ಮಗನ ತಲೆ ನೋಡಿದಳು. ಕೂದಲು ಅಷ್ಟೇನೂ ಬೆಳೆದಿರಲಿಲ್ಲ. ಆದರೆ ಗಂಡ ಬರೆದ ಮೇಲೆ ಅದಕ್ಕೊಂದು ಕಾರಣವಿರುತ್ತದೆ ಎಂದು ಕರೆದುಕೊಂಡು ಹೋದಳು, ಮಾಡಿಸಿದಳು, "ಆಯಿತು" ಎಂದು ಬರೆದಳು.

ಬಟಾಣಿ ಬಾಯಿ ಬಿಡಲಿಲ್ಲ. ಕಟಿಂಗ್ ಅಂಗಡಿಯವನು ಪ್ರತಿ ಸಲವೂ ಒಂದು ಚಾಕೊಲೇಟ್ ಕೊಟ್ಟು, ಗಿರಗಿರ ತಿರುಗುವ ಕುರ್ಚಿಯಲ್ಲಿ ಮೂರು ಸುತ್ತು ಸುತ್ತಿಸುತ್ತಿದ್ದ. ಇಂಥ ಸ್ವರ್ಗ ಬರೀ ಎರಡು ಸಲಕ್ಕೆ ಮುಗಿಯಬಾರದು ಎಂದು ಅವನು ವಕೀಲೆಯ ಸಲಹೆ ಕೇಳಿದ. ಅವಳು ಅರ್ಧ ಚಾಕೊಲೇಟ್ ಫೀಸು ಗೊತ್ತು ಮಾಡಿಕೊಂಡು, ಅಮ್ಮನ ಅಕ್ಷರದಂತೆಯೇ ದುಂಡಗೆ ಪುಸ್ತಕದಲ್ಲಿ ಬರೆದಳು: "ಬಟಾಣಿಗೆ ಕಟಿಂಗ್ ಬಾಕಿ."

ಬುಧವಾರ ಅಪ್ಪನಿಗೆ ಓವರ್‌ಟೈಂ, ಆದ್ದರಿಂದ ಅವನ ಕಣ್ಣಿಗೆ ಅದು ಬಿದ್ದದ್ದು ಗುರುವಾರ. ಪುಸ್ತಕ ಹೇಳಿದ ಮೇಲೆ ತಲೆಯನ್ನು ಯಾಕೆ ನೋಡಬೇಕು? ಮಗನನ್ನು ನೇರ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯವನು ಕತ್ತರಿ ಕೆಳಗಿಟ್ಟ. "ಸಾರ್, ನಾಲ್ಕು ದಿನದಲ್ಲಿ ಇದು ಮೂರನೇ ಸಲ. ಇನ್ನು ತೆಗೆಯೋದಕ್ಕೆ ಕಿವಿ ಮಾತ್ರ ಇದೆ."

"ಪುಸ್ತಕದಲ್ಲಿ ಬಾಕಿ ಅಂತ ಇದೆಯಲ್ಲಪ್ಪ."

"ಹಾಗಾದ್ರೆ ಪುಸ್ತಕಾನೇ ಕೂರಿಸಿ, ಅದಕ್ಕೇ ಮಾಡ್ತೀನಿ."

ಆಗ ಚಾರ್ಟಪ್ಪ ಮೂರು ದಿನಗಳಲ್ಲಿ ಮೊದಲ ಸಲ ಮಗನ ತಲೆಯನ್ನು ನೋಡಿದ. ಅದು ಮೇಜಿನ ಮೇಲಿನ ಸಾಬೂನಿನಷ್ಟು ನುಣ್ಣಗಿತ್ತು. ಬಟಾಣಿ ಕುರ್ಚಿಯಲ್ಲಿ ಕೂತು, "ಸುತ್ತಿಸಿ, ಸುತ್ತಿಸಿ" ಎನ್ನುತ್ತಿದ್ದ. ಚಾರ್ಟಪ್ಪನಿಗೆ ನಗು ಉಕ್ಕಿತು. ದಾರಿಯುದ್ದಕ್ಕೂ ನಕ್ಕ. ಮನೆಗೆ ಬಂದು ಬಾಗಿಲು ತಳ್ಳಿ, "ಏ, ಇಲ್ಲಿ ಕೇಳು, ಇವತ್ತೇನಾಯ್ತು ಗೊತ್ತಾ?" ಎಂದ.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬೋರಲು ಹಾಕಿದ ಎರಡು ಲೋಟಗಳಿದ್ದವು. ಅವಳು ಆ ಹೊತ್ತಿಗೆ ಬೆಲ್ಟಿನ ಮುಂದೆ ನಿಂತಿರುತ್ತಾಳೆ, ಪಾಳಿಯಲ್ಲಿ ಫೋನು ಪೆಟ್ಟಿಗೆಯೊಳಗೆ ಇಡಬೇಕು. ಎಲ್ಲವೂ ಅವನ ಚಾರ್ಟಿನಂತೆಯೇ ನಡೆದಿತ್ತು.

ನಗುವನ್ನು ಏನು ಮಾಡುವುದೆಂದು ತೋಚಲಿಲ್ಲ. ಪುಸ್ತಕ ತೆಗೆದು ಷರಾ ಕಾಲಂನಲ್ಲಿ ಕಟಿಂಗ್ ಕಥೆ ಬರೆಯತೊಡಗಿದ. ಒಂದು ಸಾಲಿಗೆ ಒಂದು ಪದ ಹಿಡಿಯುತ್ತಿತ್ತು. ಪುಟದ ಅಂಚಿಗೆ ಹೋದ, ತಲೆಕೆಳಗೆ ಬರೆದ, ಹಿಂದಿನ ರಟ್ಟಿನ ಮೇಲೂ ಬರೆದ. ಮರುದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಬೀಗದ ಕೈ ಕೊಡುವಾಗ ಅವಳು ಏನೋ ಹೇಳಲು ಹೊರಟಳು, ಕೆಳಗೆ ವ್ಯಾನು ಹಾರ್ನ್ ಹೊಡೆಯಿತು. ಒಳಗೆ ಬಂದು ಪುಸ್ತಕ ನೋಡಿದರೆ ಅವಳ ಉತ್ತರ ಒಂದೇ ಸಾಲು.

"ಓದಿ ನಕ್ಕೆ."

ಅದನ್ನೇ ಐದಾರು ಸಲ ಓದಿದ. ಅವಳು ನಗುವಾಗ ಮೊದಲು ಸದ್ದು ಬರುವುದಿಲ್ಲ, ಭುಜ ಅಲುಗುತ್ತದೆ, ಆಮೇಲೆ ಸೆರಗಿನಿಂದಲೋ ಕೈಯಿಂದಲೋ ಬಾಯಿ ಮುಚ್ಚಿಕೊಳ್ಳುತ್ತಾಳೆ. ಪುಸ್ತಕದಲ್ಲಿ ಅದು ಯಾವುದೂ ಇರಲಿಲ್ಲ.

"ಅಮ್ಮ ತುಂಬಾ ನಕ್ಕಳಾ?" ಎಂದು ವಕೀಲೆಯನ್ನು ಕೇಳಿದ.

"ನಗಲಿಲ್ಲ. ಬಟಾಣಿ ತಲೆ ಸವರ್ತಾ ಸುಮ್ನೆ ಕೂತಿದ್ಲು. ಆಮೇಲೆ, 'ನಿಮ್ಮಪ್ಪ ಇದನ್ನ ಎದುರಿಗೆ ಹೇಳಿದ್ರೆ ಎರಡೂ ಕೈ ಆಡಿಸ್ಕೊಂಡು ಹೇಳೋರು' ಅಂದ್ಲು."

ಆ ರಾತ್ರಿ ಮಲಗುವಾಗ ಪಕ್ಕದ ದಿಂಬಿನಲ್ಲಿ ಬಿಸ್ಕತ್ತಿನ ಸಿಹಿ ವಾಸನೆ ಇತ್ತು. ಹೆಂಡತಿ ಮನೆಗೆ ಬಂದು ಹೋಗುತ್ತಿದ್ದಾಳೆ ಎಂಬುದಕ್ಕೆ ಅವನ ಬಳಿ ಇದ್ದ ಸಾಕ್ಷಿ ಅದೊಂದೇ. ಎರಡು ಮಕ್ಕಳಿರುವ ಮನೆಯಲ್ಲಿ, ಗದ್ದಲದ ನಡುವೆಯೇ, ಚಾರ್ಟಪ್ಪನಿಗೆ ತಾನು ಒಂಟಿ ಅನ್ನಿಸಿತು. ಹನ್ನೆರಡು ವರ್ಷದಿಂದ ಅವನು ಡಿಪೋದಲ್ಲಿ ಕಂಡದ್ದನ್ನೆಲ್ಲ ಸಂಜೆ ಅವಳಿಗೆ ಹೇಳುವುದಕ್ಕಾಗಿಯೇ ಕಂಡಿದ್ದ. ಅದು ಈಗ ತಿಳಿಯಿತು. ಆರು ಅರ್ಜಿಗಳ ಕೆಂಪು ಷರಾ ಕೂಡ ನೆನಪಿಗೆ ಬಂತು, ಮಗ್ಗುಲು ಬದಲಿಸಿದ.

ಮಾರನೆಯ ದಿನ ಡಿಪೋದಲ್ಲಿ ಎರಡು ಕೆಲಸ ಮಾಡಿದ. ಹಿರಿಯ ಡ್ರೈವರನ ಏಳನೇ ಅರ್ಜಿಗೆ ಕಾಯದೆ ಆರನೆಯದನ್ನೇ ಹುಡುಕಿ ತೆಗೆದು "ಮಂಜೂರು" ಎಂದು ಬರೆದ. ಆಮೇಲೆ ಸೋಮವಾರಕ್ಕೆ ತನಗೇ ಒಂದು ಗಂಟೆ ರಜೆ ಬರೆದುಕೊಂಡ. ಸಂಜೆ ಮೀಸೆಯನ್ನು ಸರಿಯಾಗಿ ಕೆಳಗಿಳಿಸಿಕೊಂಡು ಡೇ ಕೇರ್ ಮೇಡಂ ಬಾಗಿಲಿಗೆ ಹೋದ.

"ಸೋಮವಾರ ಒಂದು ಮಧ್ಯಾಹ್ನಕ್ಕೆ ಎಷ್ಟಾಗುತ್ತೆ ಮೇಡಂ?"

"ವಾರಕ್ಕಿಂತ ಕಡಿಮೆ ತಗೊಳ್ಳೋದಿಲ್ಲ."

"ನನಗೆ ಬೇಕಿರೋದು ಎರಡೇ ಗಂಟೆ."

"ಎರಡು ಗಂಟೆಗೆ ಒಂದು ವಾರದ ದುಡ್ಡು ಕೊಡಿ. ಮಕ್ಕಳು ಎರಡಲ್ವಾ? ಎರಡು ವಾರದ್ದು ಅಂದ್ಕೊಳ್ಳಿ."

ಮೂರು ಬುಧವಾರಗಳ ಓವರ್‌ಟೈಂ ಮೇಡಂ ಪರ್ಸಿಗೆ ಇಳಿಯಿತು. ಮೇಡಂ ರಸೀತಿ ಕೊಡುವಾಗ ನಕ್ಕರು.

ಸೋಮವಾರ ಒಂದೂಕಾಲಿಗೇ ಮನೆಗೆ ಬಂದ ಗಂಡನನ್ನು ನೋಡಿ ಹೆಂಡತಿಯ ಮುಖ ಬಿಳುಪಾಯಿತು.

"ಯಾಕೆ, ಕೆಲಸ ಹೋಯ್ತಾ?"

"ಇಲ್ಲ. ಮಕ್ಕಳನ್ನ ಕೆಳಗೆ ಬಿಟ್ಟು ಬರ್ತೀನಿ. ಇವತ್ತು ವ್ಯಾನು ಬೇಡ. ಒಂದೂ ನಲವತ್ತೈದರ ಹದಿನೆಂಟನೇ ನಂಬರ್ ಬಸ್ಸಲ್ಲಿ ಕಾರ್ಖಾನೆವರೆಗೆ ನಾನೂ ಬರ್ತೀನಿ. ಮೂವತ್ತೇಳು ನಿಮಿಷ ಆಗುತ್ತೆ."

"ಯಾತಕ್ಕೆ?"

"ಮಾತಾಡೋದಕ್ಕೆ."

ಅವಳು ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಬಸ್ಸಿನಲ್ಲಿ ಹಿರಿಯ ಡ್ರೈವರ್ ಇದ್ದ, ಅವನ ಹೆಂಡತಿ ಕಂಡಕ್ಟರ್ ಇದ್ದಳು. ಇಬ್ಬರೂ ಹೊಸದಾಗಿ ಮದುವೆಯಾದವರಂತೆ ಮುಖ ಅರಳಿಸಿಕೊಂಡಿದ್ದರು. ಚಾರ್ಟಪ್ಪನ ಬಳಿ ಪಾಸಿತ್ತು, ಹೆಂಡತಿಗೆ ಕಾರ್ಖಾನೆ ಸ್ಟಾಪಿಗೆ ಟಿಕೆಟ್ ತೆಗೆದ. ಜೇಬಿನಿಂದ ಚೀಟಿ ಹೊರಗೆ ತೆಗೆದ. ಹೇಳಬೇಕಾದದ್ದು ಒಟ್ಟು ಹತ್ತೊಂಬತ್ತು ವಿಷಯ, ಒಂದೊಂದಕ್ಕೆ ಎರಡು ನಿಮಿಷಕ್ಕೂ ಕಡಿಮೆ.

"ಮೊದಲನೇದು, ಬಟಾಣಿ ಕಟಿಂಗ್ ವಿಷಯ" ಎಂದು ಎರಡೂ ಕೈ ಎತ್ತಿದ. "ನಾನು ಅಂಗಡಿಗೆ ಹೋದೆನಾ..."

ಅವನ ಭುಜದ ಮೇಲೆ ಭಾರ ಬಿತ್ತು. ಎರಡನೇ ಸ್ಟಾಪು ಬರುವುದರೊಳಗೆ ಅವಳು ನಿದ್ದೆ ಹೋಗಿದ್ದಳು. ಎತ್ತಿದ ಕೈಗಳನ್ನು ಅವನು ಮೆಲ್ಲಗೆ ಇಳಿಸಿಕೊಂಡ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು, ಉಗುರಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಇತ್ತು. ಇಪ್ಪತ್ತಮೂರು ದಿನದಿಂದ ಅವಳು ಬೆಳಿಗ್ಗೆ ಮಕ್ಕಳನ್ನೂ ಮಧ್ಯಾಹ್ನದಿಂದ ಬಿಸ್ಕತ್ತನ್ನೂ ಕಾಯುತ್ತಿದ್ದಾಳೆ ಎಂಬುದು ಚಾರ್ಟಿನಲ್ಲಿ ನಾಲ್ಕು ಬಣ್ಣದಲ್ಲಿ ಬರೆದಿತ್ತು. ಬರೆದವನು ಅದನ್ನು ಇಂದು ಓದಿದ.

ಎರಡು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಕಾರ್ಖಾನೆ ಸ್ಟಾಪು ಬಂತು. ಕಂಡಕ್ಟರ್ ಅವನ ಮುಖ ನೋಡಿದಳು. ಚಾರ್ಟಪ್ಪ ಕಿಟಕಿಯ ಕಡೆ ತಿರುಗಿದ. ಬಸ್ಸು ಹೊರಟಿತು.

ಕೊನೆಯ ಸ್ಟಾಪಿನಲ್ಲಿ ಇಂಜಿನ್ ನಿಂತಾಗ ಅವಳಿಗೆ ಎಚ್ಚರವಾಯಿತು. ಹೊರಗೆ ನೋಡಿ ಗಾಬರಿಯಾದಳು.

"ರೀ, ಎಬ್ಬಿಸೋದಲ್ವಾ? ಅರ್ಧ ದಿನದ ಸಂಬಳ ಹೋಯ್ತು."

"ಹೋಯ್ತು."

"ಮೇಡಂಗೆ ಬೇರೆ ದುಡ್ಡು ಕೊಟ್ಟಿದೀರಿ. ನಿಮ್ಮ ಸೊನ್ನೆ ಏನಾಯ್ತು?"

"ಅದೂ ಹೋಯ್ತು."

"ವಾಪಸ್ ಹೋಗೋ ಬಸ್ಸು ಎಷ್ಟೊತ್ತಿಗೆ?"

ಡಿಪೋದ ಅಷ್ಟೂ ಬಸ್ಸುಗಳ ಸಮಯ ಚಾರ್ಟಪ್ಪನಿಗೆ ನಿದ್ದೆಯಲ್ಲೂ ಬಾಯಿಪಾಠ. ಇದೇ ಬಸ್ಸು ಇನ್ನು ಎಂಟು ನಿಮಿಷಕ್ಕೆ ಹೊರಡುತ್ತದೆ. ಅದರ ಹಿಂದೆ ಇನ್ನೊಂದಿದೆ.

"ಗೊತ್ತಿಲ್ಲ" ಎಂದ.

ಅವಳು ಅವನನ್ನೇ ನೋಡಿದಳು. ಮೊದಲು ಸದ್ದು ಬರಲಿಲ್ಲ, ಭುಜ ಅಲುಗಿತು, ಆಮೇಲೆ ಕೈ ಬಾಯಿಗೆ ಹೋಯಿತು. ಚಾರ್ಟಪ್ಪ ಕಣ್ಣು ತುಂಬ ನೋಡಿದ, ಹತ್ತೊಂಬತ್ತು ವಿಷಯದ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಅಷ್ಟರಲ್ಲಿ ಕಂಡಕ್ಟರ್ ಬಂದು ಕೈ ಚಾಚಿದಳು. "ಸಾರ್, ಅಮ್ಮಾವ್ರ ಟಿಕೆಟ್ ಕಾರ್ಖಾನೆವರೆಗೆ ಮಾತ್ರ. ಮುಂದೆ ಬಂದದ್ದಕ್ಕೆ ದಂಡ ಕಟ್ಟಬೇಕು. ಯಾರೇ ಆದ್ರೂ ಬಿಡಬಾರ್ದು ಅಂತ ನೀವೇ ಸುತ್ತೋಲೆ ಹೊರಡಿಸಿದೀರಿ."

ಅವನು ದಂಡ ಕಟ್ಟಿದ. ಕಂಡಕ್ಟರ್ ರಸೀತಿ ಹರಿದು ಅವನ ಕೈಯಲ್ಲಿಟ್ಟು, ತನ್ನ ಡ್ರೈವರ್ ಗಂಡನ ಪಕ್ಕ ಹೋಗಿ ಕೂತಳು. ಮೊತ್ತದ ಕೆಳಗೆ ಕಾರಣ ಎಂಬ ಜಾಗದಲ್ಲಿ ಅವಳು ಕೆಂಪು ಪೆನ್ನಿನಿಂದ ಬರೆದಿದ್ದಳು: "ಸಂಸಾರದ ಮಾತುಕತೆ."