ಎಡೆಯ ಮುಂದೆ ಎರಡು ಕಂಪ್ಯೂಟರ್

"ಲಿನಕ್ಸ್ ಬಳಸೋ ಮಹಾನುಭಾವರಿಗೆ ಸಾಷ್ಟಾಂಗ ನಮಸ್ಕಾರ. ನಾವು ವಿಂಡೋಸ್‌ನೋರು ಒಂದು ಗುಂಡಿ ಒತ್ತಿ, ಕೆಲಸ ಮುಗಿಸಿ ಊಟಕ್ಕೆ ಎದ್ದಿರ್ತೀವಿ. ನೀವು ಕಪ್ಪು ಪರದೆ ಮುಂದೆ ಕೂತು ಪ್ರಿಂಟರ್‌ಗೆ ಇನ್ನೂ ಮಂತ್ರ ಹೇಳ್ತಿರ್ತೀರಿ. ಅಪ್ಪಿತಪ್ಪಿ ಅದು ಒಂದು ಹಾಳೆ ಉಗುಳಿದ್ರೆ ಊರಿಗೆಲ್ಲ ಫೋಟೋ ಕಳಿಸ್ತೀರಿ. ಪುಕ್ಸಟ್ಟೆ ಸಿಕ್ಕಿದ್ದಕ್ಕೆ ಸ್ವಾತಂತ್ರ್ಯ ಅಂತ ಹೆಸರಿಟ್ಕೊಂಡಿದೀರಿ. ನಮ್ಮಪ್ಪ ಯಶವಂತಪುರದ ಮಂಡಿ ಯಾರ್ಡ್‌ನಲ್ಲಿ ಈರುಳ್ಳಿ ಮುಟ್ಟಿ ನೋಡಿ ಒಳಗೆ ಕೊಳೆತಿದ್ಯಾ ಅಂತ ಹೇಳ್ತಿದ್ದೋರು. ಅಂಥೋರು ಕೊನೇವರೆಗೂ ಇಸ್ಪೀಟ್ ಆಡಿದ್ದು ವಿಂಡೋಸ್‌ನಲ್ಲಿ. ಇದಕ್ಕಿಂತ ಸಾಕ್ಷಿ ಬೇಕಾ ಗುರು?"

"ಬಾಡಿಗೆ ಮನೇಲಿರೋರು ಸ್ವಂತ ಮನೆಯೋರಿಗೆ ಬುದ್ಧಿ ಹೇಳೋ ಕಾಲ ಬಂತು. ಗೋಡೆಗೊಂದು ಮೊಳೆ ಹೊಡೀಬೇಕಾದ್ರೂ ನೀವು ಓನರ್‌ನ ಕೇಳ್ಬೇಕು. ನಾವು ಬೇಕಾದ್ರೆ ಗೋಡೆನೇ ಒಡೀತೀವಿ, ನಮ್ಮಿಷ್ಟ. ಇನ್ನು ಇಸ್ಪೀಟಿನ ವಿಷಯ. ಮಾವನವರು ಕೊನೇ ಕಾಲದಲ್ಲಿ ಆಡಿದ್ದು ನಾನು ಕೊಟ್ಟ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ, ಇದು ಇಡೀ ಕೊಡಿಗೇಹಳ್ಳಿಗೆ ಗೊತ್ತು. ಹೋದೋರ ಹೆಸರಲ್ಲಿ ಸುಳ್ಳು ಹೇಳೋ ಮನೆಗೆ ಈ ಸಲ ಎಡೆಗೆ ನಾನು ಕಾಲಿಡಲ್ಲ. ಇದೇ ಕೊನೇ ಮಾತು."

ಮೊದಲನೆಯದು ನನ್ನ ಮಗ ಸುರೇಶನ ಶ್ರೀಮುಖದಿಂದ ಹೊರಟದ್ದು. ಕೊಡಿಗೇಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅವನ ಜೆರಾಕ್ಸ್ ಅಂಗಡಿ. ಎರಡನೆಯದು ನನ್ನ ಅಳಿಯ ರವಿಕಿರಣ ಪುಟ್ಟೇನಹಳ್ಳಿಯಿಂದ ಬಿಟ್ಟ ಬಾಣ. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ (ಹೇಳಲು ಪುರುಸೊತ್ತು ಯಾವಾಗ ಸಿಗುತ್ತದೋ ಆ ಮುನೇಶ್ವರನಿಗೇ ಗೊತ್ತು). ಫೇಸ್‌ಬುಕ್ಕಿನಲ್ಲಿ ಕಂಪ್ಯೂಟರ್ ಜಗಳಕ್ಕೆಂದೇ ಒಂದು ಗುಂಪಿದೆಯಂತೆ. ಭಾವ ಮೈದುನ ಇಬ್ಬರೂ ಅದರ ಸೇನಾಧಿಪತಿಗಳು.

ನನ್ನ ಓದು ಮೂರನೇ ಕ್ಲಾಸಿಗೆ ನಿಂತಿತು. ಆದರೆ ಕಿವಿ ನಿಲ್ಲಲಿಲ್ಲ. ಬಂದ ಉತ್ತರವನ್ನೆಲ್ಲ ಸುರೇಶ ಹರಿಕಥೆಯವರ ಹಾಗೆ ಗಟ್ಟಿಯಾಗಿ ಓದಿ, ನಡುನಡುವೆ ಹಲ್ಲು ಕಡಿಯುತ್ತಾನೆ. ಅಂಗಡಿಗೆ ಬಂದವರು ಆಧಾರ್ ಕಾರ್ಡ್ ಹಿಡಿದುಕೊಂಡು ನಿಂತೇ ಇರುತ್ತಾರೆ. ಅವನ ಹೆಂಡತಿ ಸರಳಾ ಒಂದು ದಿನ ತಟ್ಟೆಗೆ ಉಪ್ಪಿಟ್ಟಿನ ಬದಲು ಹಸಿ ರವೆ ಹಾಕಿಟ್ಟಳು. ಅರ್ಧ ತಿಂದು, "ಚೆನ್ನಾಗಿದೆ, ಸ್ವಲ್ಪ ಉದುರುದುರು" ಅಂದ.

ಇಷ್ಟಾದರೂ ನಾನು ಸುಮ್ಮನಿದ್ದೆ. ಗಂಡಸರು ಹಿಂದೆ ಕಟ್ಟೆಯ ಮೇಲೆ ಕೂತು ಕೂಗಾಡುತ್ತಿದ್ದರು, ಈಗ ಕುರ್ಚಿಯ ಮೇಲೆ ಕೂತು ಕೂಗಾಡುತ್ತಾರೆ, ಅಷ್ಟೇ ತಾನೆ. ಆದರೆ ಜಗಳ ನಮ್ಮ ಯಜಮಾನರ ಎಡೆಗೆ ಬಂದು ತಗುಲಿಕೊಂಡಾಗ ನಾನು ಬಾಯಿ ಬಿಡಲೇಬೇಕಾಯಿತು.

ನಮ್ಮಲ್ಲಿ ಪಿತೃಪಕ್ಷದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವೆ. ಹೋದವರಿಗೆ ಇಷ್ಟವಾದದ್ದೆಲ್ಲ ಫೋಟೋದ ಮುಂದೆ ಇರಬೇಕು. ನಮ್ಮ ಮುನಿಗಂಗಪ್ಪನವರಿಗೆ ಮುದ್ದೆ, ಮಟನ್ ಸಾರು, ಬೀಡಿ ಕಟ್ಟು, ಒಂದು ಲೋಟ ಬ್ರಾಂದಿ. ಈ ಸಲ ಸುರೇಶ ಹೊಸದೊಂದು ಬಾಬ್ತು ಸೇರಿಸಿದ್ದ. ಅಪ್ಪ ಇಸ್ಪೀಟ್ ಆಡುತ್ತಿದ್ದ ವಿಂಡೋಸ್ ಕಂಪ್ಯೂಟರನ್ನೂ ಇಟ್ಟು, ಫೋಟೋ ಹೊಡೆದು ಗುಂಪಿಗೆ ಹಾಕುತ್ತೇನೆಂದು ಡಂಗುರ ಸಾರಿಬಿಟ್ಟಿದ್ದ. ಅದಕ್ಕೇ ಅಳಿಯಂದಿರ ಆ ಭೀಷ್ಮ ಪ್ರತಿಜ್ಞೆ.

ಮಗಳು ರಾಧಾಮಣಿ ಫೋನ್ ಮಾಡಿ ಅತ್ತಳು. "ಅವ್ವಾ, ಇವ್ರು ಬರಲ್ವಂತೆ. ಇವ್ರನ್ನ ಬಿಟ್ಟು ನಾನೊಬ್ಳೇ ಬಂದು ಎಡೆ ಮುಂದೆ ಹೆಂಗೆ ಕೂರ್ಲಿ?"

ಯಜಮಾನರು ಹೋದ ಮೇಲೆ ನಾನು ದೇವರಲ್ಲಿ ಏನೂ ಕೇಳಿದವಳಲ್ಲ. ವರ್ಷಕ್ಕೊಂದು ದಿನ ಮಕ್ಕಳಿಬ್ಬರೂ ಅವರ ಫೋಟೋದ ಮುಂದೆ ಒಟ್ಟಿಗೆ ಕೂತು ಉಣ್ಣಲಿ ಅನ್ನುವುದೊಂದೇ. ಅದಕ್ಕೂ ಈಗ ಕಂಪ್ಯೂಟರ್ ಅಡ್ಡ ಬಂದು ಮಲಗಿತ್ತು.

ಸುರೇಶನ ಹತ್ತಿರ ಹೋಗಿ, "ಮಗಾ, ಆ ಡಬ್ಬ ಇಡ್ಬೇಡ ಬುಡಪ್ಪ" ಅಂದೆ.

"ಆಗಲ್ಲ ಕಣವ್ವ. ಈಗ ತೆಗೆದ್ರೆ ಸೋತಂಗೆ. ಎಲ್ರೂ ನೋಡ್ತಾವ್ರೆ."

"ಯಾರು ಎಲ್ರೂ?"

"ಗುಂಪಲ್ಲಿರೋರು."

"ಅವ್ರು ಬಂದು ನಿಮ್ಮಪ್ಪಂಗೆ ಧೂಪ ಹಾಕ್ತಾರಾ?"

ಅವನು ಪರದೆಯ ಕಡೆಗೆ ತಿರುಗಿಕೊಂಡ. ಟಕಟಕ ಅಂತ ಕುಟ್ಟುವುದಕ್ಕೆ ಶುರು.

ಆಗ ನನಗೊಂದು ದಿವ್ಯ ಜ್ಞಾನೋದಯವಾಯಿತು. ಎಡೆ ಇಟ್ಟು ಧೂಪ ಹಾಕಿದ ಮೇಲೆ ನಾವೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುವುದು ಪದ್ಧತಿ. ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಬೇಕಲ್ಲ. ನಾನು ಅಳಿಯಂದಿರಿಗೇ ಫೋನ್ ಹಚ್ಚಿಸಿದೆ.

"ನಿಮ್ದೂ ತನ್ನಿ ಅಳಿಯಂದ್ರೇ. ಎರಡೂ ಪಕ್ಕಪಕ್ಕ ಇಡಾನ. ಬಾಗ್ಲು ಹಾಕಾನ. ನಿಮ್ಮ ಮಾವ ಯಾವ್ದುನ್ನ ಮುಟ್ತಾರೋ ಅದೇ ಗೆದ್ದಂಗೆ. ಇಂಗೆ ಮಾಡಿದ್ರೆ ಆಯ್ತಲ್ಲ?"

"ಅತ್ತೆ, ನಾನು ವಿಜ್ಞಾನ ಪಾಠ ಮಾಡೋನು. ಇದನ್ನೆಲ್ಲ ನಂಬಲ್ಲ."

"ಸರಿ ಬುಡಿ. ಸೋಲ್ತೀನಿ ಅಂತ ಎದ್ರಿಕೆ ಇದ್ರೆ ಬಲವಂತ ಇಲ್ಲ."

"ಎಷ್ಟು ಹೊತ್ತಿಗೆ ಬರ್ಲಿ?" ಅಂದರು.

ಅಮಾವಾಸ್ಯೆಯ ದಿನ ಇಬ್ಬರೂ ಮದುವೆ ಗಂಡುಗಳ ಹಾಗೆ ತಮ್ಮ ತಮ್ಮ ಯಂತ್ರ ಒರೆಸಿಕೊಂಡು ಬಂದು ಎಡೆಯ ಎಡಬಲಕ್ಕೆ ಇಟ್ಟರು. ಎರಡರಲ್ಲೂ ಇಸ್ಪೀಟ್ ಎಲೆ ಹರಡಿತ್ತು. ಮೈದುನ ಕಿಟಕಿಯ ಚಿಲಕ ಪರೀಕ್ಷೆ ಮಾಡಿದ. ಭಾವನವರು ಅದೇ ಚಿಲಕವನ್ನು ಮತ್ತೊಮ್ಮೆ ಪರೀಕ್ಷೆ ಮಾಡಿದರು. ಅಟ್ಟದ ಕಡೆ ಟಾರ್ಚ್ ಬಿಟ್ಟು ನೋಡಿದರು. ಒಬ್ಬರನ್ನೊಬ್ಬರು ತಳ್ಳಿಕೊಂಡೇ ಹೊರಗೆ ಬಂದರು.

ನನ್ನನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಧೂಪ ತೋರಿಸಿ ಕೊನೆಗೆ ಹೊರಗೆ ಬರುವವಳು ಮನೆಯ ಹಿರಿಯ ಹೆಂಗಸು. ಹೊಗೆ ದಟ್ಟವಾಗಿತ್ತು. ನಾನು ಯಜಮಾನರ ಫೋಟೋಗೆ ಕೈ ಮುಗಿದು, ಸಾರಿನ ಬಟ್ಟಲಿಗೆ ನಾಲ್ಕು ಬೆರಳು ಅದ್ದಿ, ಎಡಗಡೆಯದಕ್ಕೂ ಬಲಗಡೆಯದಕ್ಕೂ ಸಮಸಮ ಸವರಿ, ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ಎಳೆದುಕೊಂಡೆ. (ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಫೋಟೋ ಅಲ್ಲಾಡುತ್ತಿತ್ತು.)

ಬಾಗಿಲು ತೆಗೆದಾಗ ಮೊದಲು ನುಗ್ಗಿದ್ದು ಸುರೇಶ.

"ಅಕ್ಕಾ! ಸಾರು! ಅಪ್ಪ ನಂದನ್ನ ಮುಟ್ಟವ್ರೆ ಕಣಕ್ಕ!"

"ಸರ್ಕೊಳೋ ಈ ಕಡೆ" ಎಂದು ರವಿಕಿರಣ ಕನ್ನಡಕ ಏರಿಸಿ ತಮ್ಮದರ ಮೇಲೆ ಬಗ್ಗಿದರು. ಬಗ್ಗಿದವರು ಏಳಲಿಲ್ಲ. "ಇಲ್ಲೂ ಇದೆ" ಅಂದರು. ವಿಜ್ಞಾನ ಪಾಠ ಮಾಡುವವರು ಬೆರಳಿಂದ ಸಾರು ತೆಗೆದು ನಾಲಿಗೆಗೆ ಮುಟ್ಟಿಸಿ ನೋಡಿದರು. "ನಮ್ಮತ್ತೆ ಸಾರೇ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎರಡ್ರಲ್ಲೂ ಆಡವ್ರೆ ಭಾವ."

"ಹೂಂ ಕಣೋ. ಮಾವ ದೊಡ್ಡ ಮನುಷ್ಯ. ನಾವೇ ಸಣ್ಣೋರು."

ತಬ್ಬಿಕೊಂಡು ಅತ್ತರು. ರಾಧಾಮಣಿಯೂ ಅತ್ತಳು. ನಾನೂ ಸೆರಗು ಕಣ್ಣಿಗೆ ಒತ್ತಿಕೊಂಡೆ, ಖಾರ ಹತ್ತಿ ನಿಜವಾಗಿಯೇ ನೀರು ಬಂತು. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಒಬ್ಬರ ಎಲೆಯ ಮೂಳೆ ಇನ್ನೊಬ್ಬರ ಎಲೆಗೆ ದಾಟಿತು. ಮಹಾ ಮಹಾ ರಾಜಿ ಪಂಚಾಯ್ತಿಯವರೆಲ್ಲ ನನ್ನ ಕಾಲಿಗೆ ಬೀಳಬೇಕು ಅನ್ನಿಸಿತು.

ಕಥೆಯನ್ನು ಇಲ್ಲಿಗೆ ಮುಗಿಸಿ ನಾನು ಒಳಗೆ ಹೋಗಿ ಮಲಗಿದ್ದರೆ ಎಷ್ಟು ಚೆನ್ನಾಗಿತ್ತು.

ಇಬ್ಬರೂ ಸೇರಿ ಸಾರು ಮೆತ್ತಿದ ಎರಡೂ ಯಂತ್ರದ ಫೋಟೋ ಗುಂಪಿಗೆ ಹಾಕಿದರು. ಯುದ್ಧ ಅಲ್ಲೂ ನಿಂತುಹೋಯಿತಂತೆ. ಎಲ್ಲರೂ ಕಂಪ್ಯೂಟರ್ ಬಿಟ್ಟು ಸಾರಿಗೆ ಬಂದರು. ಆರ್.ಟಿ. ನಗರದ ತಸ್ನೀಮ್ ಎನ್ನುವ ಹುಡುಗಿ, "ಅಮ್ಮಾ, ಹಿರಿಯರು ಕೈ ತೊಳೆಯೋದೇ ಮರೆತರು ಅಂದ್ರೆ ಅದೆಂಥ ಸಾರು! ಹೇಗೆ ಮಾಡಿದ್ರಿ?" ಎಂದು ಬರೆದಳು. ಸುರೇಶ ಅದನ್ನು ಓದಿ ಹೇಳಿ, ನನ್ನ ಉತ್ತರ ಗುಂಪಿಗೆ ಕಳಿಸಲು ಫೋನನ್ನು ನನ್ನ ಮುಖದ ಮುಂದೆ ಹಿಡಿದ.

ಹೊಗಳಿಕೆ ತಲೆಗೇರಿತ್ತು. "ಒಳ್ಕಲ್ಲಲ್ಲಿ ಅರೆದಿದ್ದು ಕಣವ್ವ. ಮಿಕ್ಸಿ ಖಾರ ಒಂದು ಖಾರವಾ? ಅದು ಬರೀ ಸದ್ದು" ಅಂದುಬಿಟ್ಟೆ.

(ಅರೆದದ್ದು ಮಿಕ್ಸಿಯಲ್ಲಿ. ಜಾರ್ ತೊಳೆದವಳು ಸರಳಾ. ಅವಳು ಗೋಡೆಗೆ ಒರಗಿಕೊಂಡು ಸಣ್ಣಗೆ ನಕ್ಕಳು.)

ಮಾರನೆಯ ದಿನ ಸೋಮನಾಥ ಎನ್ನುವ ಪುಣ್ಯಾತ್ಮನೊಬ್ಬ ಬರೆದ: "ಅಜ್ಜಿಯವರೇ, ಮಿಕ್ಸಿಗೂ ಒರಳಿಗೂ ರುಚಿಯಲ್ಲಿ ಕೂದಲಷ್ಟೂ ವ್ಯತ್ಯಾಸ ಇಲ್ಲ. ಎಲ್ಲ ನಿಮ್ಮ ಭ್ರಮೆ."

ನನಗೆ ಎಲ್ಲಿತ್ತೋ ರೋಷ! "ಬರಿಯೋ ಸುರೇಶ. ನಿನ್ ನಾಲ್ಗೆಗೆ ಕಲಾಯಿ ಹೊಯ್ಯಿಸ್ಕೊಂಡು ಬಾ, ಆಮೇಲೆ ಮಾತಾಡು ಅಂತ ಬರಿ!"

ಅವನು ಬರೆದ. ಸೋಮನಾಥ ತಿರುಗಿ ಬರೆದ. ಗುಂಪು ಎರಡು ಹೋಳಾಯಿತು. ಒಳ್ಕಲ್ಲು ಪಕ್ಷಕ್ಕೆ ನನ್ನ ಮಗ ಮತ್ತು ಅಳಿಯ ಹೆಗಲಿಗೆ ಹೆಗಲು ಕೊಟ್ಟು ನಿಂತರು. ನಾನು ಕಾಫಿ ಆರಿಹೋದದ್ದೂ ಗೊತ್ತಾಗದೆ, "ಈಗ ಏನಂದ? ಓದೋ, ಗಟ್ಟಿಯಾಗಿ ಓದೋ" ಎಂದು ಕುರ್ಚಿಯ ಹಿಂದೆಯೇ ನಿಂತಿದ್ದೆ. ಬೆಳಗಿನ ತಟ್ಟೆಯಲ್ಲಿ ಸರಳಾ ಏನು ಕೊಟ್ಟಳು, ನಾನೇನು ತಿಂದೆ, ಈಗಲೂ ನೆನಪಿಲ್ಲ.

ಕೊನೆಗೆ ಸೋಮನಾಥ ಬ್ರಹ್ಮಾಸ್ತ್ರ ಬಿಟ್ಟ. "ಅಷ್ಟು ಧೈರ್ಯ ಇದ್ದರೆ ಅರೆಯುವುದನ್ನು ವಿಡಿಯೋ ಮಾಡಿ ಹಾಕಿ. ಒಂದು ದಿನ ಅಲ್ಲ, ದಿನವೂ."

ರವಿಕಿರಣ ಪುಟ್ಟೇನಹಳ್ಳಿಯಿಂದ ಓಡಿ ಬಂದರು. ಭಾವ ಮೈದುನ ಇಬ್ಬರೂ ಏದುಸಿರು ಬಿಡುತ್ತಾ, ಹಿತ್ತಲಲ್ಲಿ ಪಾಚಿ ಕಟ್ಟಿ ಬಿದ್ದಿದ್ದ ಕಲ್ಲನ್ನು ಉರುಳಿಸಿ ತಂದು, ಉಜ್ಜಿ ತೊಳೆದು ನಡುಮನೆಯ ಬಾಗಿಲಲ್ಲಿ ಪ್ರತಿಷ್ಠಾಪನೆ ಮಾಡಿದರು.

"ಸುರೇಶಾ, ನಂಗೆ ಭುಜ ನೋವು ಕಣಪ್ಪ..."

"ಈಗ ಬಿಟ್ರೆ ಸೋತಂಗೆ ಕಣವ್ವ. ಎಲ್ರೂ ನೋಡ್ತಾವ್ರೆ."

"ಮಾನದ ಪ್ರಶ್ನೆ ಅತ್ತೆ" ಅಂದರು ಅಳಿಯಂದಿರು.

ಸರಳಾ ಮಿಕ್ಸಿಯನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿ ಬಂದು, ಫೋನ್ ಹಿಡಿದು ನಿಂತಳು. "ಅತ್ತೆ, ಮಧ್ಯಾಹ್ನಕ್ಕೆ ಹುಳಿ, ರಾತ್ರಿಗೆ ಚಟ್ನಿ, ಬೆಳಗ್ಗೆಗೆ ದೋಸೆ ಹಿಟ್ಟು. ಎಲ್ಲ ಒಂದೇ ಸಲ ಮುಗಿಸಿಬಿಡಿ. ಹಂಗೇ ಸ್ವಲ್ಪ ನಗ್ತಾ ಅರೀರಿ, ಸೋಮನಾಥ ಉರ್ಕೊಳ್ಲಿ."

ಸೋಮನಾಥನ ಹೆಸರು ಕಿವಿಗೆ ಬಿದ್ದದ್ದೇ ಸೊಂಟ ನೆಟ್ಟಗಾಯಿತು. ನಾನು ಮಣೆ ಎಳೆದುಕೊಂಡು ಕೂತು, ಸೆರಗು ಸಿಕ್ಕಿಸಿ, ಕಾಯಿಚೂರು, ಧನಿಯಾ, ಮೆಣಸಿನಕಾಯಿ ಗುಳಿಗೆ ತಳ್ಳಿ, ಒಂದಿಷ್ಟು ನೀರು ಚಿಮುಕಿಸಿ, ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸತೊಡಗಿದೆ.