ಡಿಡಿಟಿ ಹೊಡೆದ ಮನೆಯಲ್ಲಿ ಹಲ್ಲಿ ನುಡಿದದ್ದು

ನಮ್ಮ ದೊಡ್ಡಪ್ಪನಂಥ ಗಂಡಸು ಮಿಡಿಗೇಶಿ ಸುತ್ತಮುತ್ತ ಇನ್ನೊಬ್ಬ ಇರಲಿಲ್ಲ ಬಿಡಿ. ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಂಥ ಆಳು. ಬೆಟ್ಟದ ಬುಡದಲ್ಲಿ ನಿಂತು ಕೆಮ್ಮಿದರೆ ಮೇಲೆ ಕೋಟೆಯಲ್ಲಿ ಮಲಗಿದ್ದ ಕೋತಿಗಳು ಎದ್ದು ಕೂರುತ್ತಿದ್ದವು. ಇಂಥ ಮನುಷ್ಯ ತನ್ನ ಜನ್ಮದಲ್ಲಿ ಒಂದೇ ಒಂದು ತೀರ್ಮಾನವನ್ನೂ ಸ್ವಂತವಾಗಿ ತೆಗೆದುಕೊಂಡವನಲ್ಲ ಎಂದರೆ ನೀವು ನಂಬುತ್ತೀರಾ? ನಮ್ಮ ಮನೆಯ ಯಜಮಾನಿಕೆ ಇದ್ದದ್ದು ಹಲ್ಲಿಯ ಕೈಯಲ್ಲಿ!

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ದಿಟ ಎಂದು ನೆಲ ಕುಟ್ಟುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ದೊಡ್ಡಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದ. ಅವನು ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಗೋಡೆ ಕಡೆ ಕಿವಿ ಕೊಟ್ಟು ಕಾಯುತ್ತಿದ್ದ. ಲೊಚ್ ಲೊಚ್ ಅಂದರೆ ನೆಲ ಕುಟ್ಟಿ 'ದಿಟ' ಅನ್ನುತ್ತಿದ್ದ. ಅನ್ನದಿದ್ದರೆ ಎತ್ತಿನ ವ್ಯಾಪಾರ ಬಿತ್ತು, ಬಾವಿ ತೋಡುವುದು ನಿಂತಿತು, ನೆಂಟರ ಮನೆಗೆ ಹೊರಟವರು ಚಪ್ಪಲಿ ಬಿಟ್ಟು ವಾಪಸು ಒಳಗೆ ಬಂದರು.

ಕಡ್ಲೆಕಾಯಿ ಕೊಳ್ಳಲು ಸಿರಾದಿಂದ ಬಾಷಾ ಸಾಬರು ಬರುತ್ತಿದ್ದರು. ಮೊದಲ ಸಲ ಬಂದಾಗ ಪಾಪ, ಅವರಿಗೆ ಈ ಏರ್ಪಾಡು ಗೊತ್ತಿರಲಿಲ್ಲ.

"ಬೆಲೆ ಒಪ್ಗೇನಾ ಗೌಡ್ರೇ?"

"ಇರಿ ಸಾಬ್ರೇ, ಅದು ಏನಂತದೋ ಕೇಳಾಣ."

"ಅದು ಅಂದ್ರೆ ಯಾರು?"

ದೊಡ್ಡಪ್ಪ ಗೋಡೆ ತೋರಿಸಿದ. ಸಾಬರು ಗೋಡೆ ನೋಡಿದರು, ದೊಡ್ಡಪ್ಪನನ್ನು ನೋಡಿದರು, ಟೋಪಿ ತೆಗೆದು ತಲೆ ಕೆರೆದುಕೊಂಡರು. ಗೋಡೆ ಸುಮ್ಮನಿತ್ತು. ಸಾಬರು ಬೆಲೆ ಒಂಚೂರು ಏರಿಸಿದರು. ಆಗಲೂ ಸುಮ್ಮನಿತ್ತು. ಇನ್ನೊಂಚೂರು ಏರಿಸಿದರು. ಲೊಚ್ ಲೊಚ್ ಲೊಚ್.

"ದಿಟ," ಅಂದ ದೊಡ್ಡಪ್ಪ.

"ಗೌಡ್ರೇ, ನಿಮ್ದು ಹಲ್ಲೀಗೆ ನಂ ಮಂಡೀಲಿ ಕೆಲ್ಸ ಕೊಡ್ತೀನಿ, ಕಳ್ಸಿಬಿಡಿ," ಅಂದರು ಸಾಬರು.

ಈಗ ನಿಮಗೊಂದು ಗುಟ್ಟು ಹೇಳಬೇಕು. ಈ ವ್ಯವಹಾರ ತಿಳಿದ ಹಲ್ಲಿ ಯಾವತ್ತೂ ನುಡಿಯುತ್ತಿದ್ದದ್ದು ಅಡುಗೆಮನೆ ಬಾಗಿಲ ಪಕ್ಕದಿಂದ, ರಾಗಿ ತುಂಬುವ ಮಣ್ಣಿನ ವಾಡೆಯ ಹಿಂದಿನಿಂದ. ಅಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು, ನಾಲಿಗೆಯನ್ನು ಅಂಗುಳಿಗೆ ಹೊಡೆಯುತ್ತಾ ನಿಂತಿರುತ್ತಿದ್ದವಳು ನಮ್ಮ ದೊಡ್ಡಮ್ಮ. ನಾನೂ ನೋಡಿದ್ದೆ, ದೊಡ್ಡಪ್ಪನ ಮಗಳು ಜಯಕ್ಕನೂ ನೋಡಿದ್ದಳು. ನಾವಿಬ್ಬರೂ ಬಾಯಿ ಬಿಟ್ಟವರಲ್ಲ.

ನೇರವಾಗಿ ಗಂಡನಿಗೇ ಹೇಳಬಾರದಿತ್ತೇ ಅನ್ನುತ್ತೀರಾ? ಹೇಳುವುದೆಲ್ಲಿ ಬಂತು, ಜಗುಲಿಯ ಮೇಲೆ ನಮ್ಮಜ್ಜಿ ಕೂತಿರುತ್ತಿದ್ದಳಲ್ಲ, ದೊಡ್ಡಪ್ಪನ ತಾಯಿ! "ಹೆಂಡ್ತಿ ಮಾತ್ ಕೇಳೋನು ನನ್ ಹೊಟ್ಟೇಲಿ ಹುಟ್ಟಿಲ್ಲ ಕಣ್ಲಾ" ಎಂದು ದಿನಕ್ಕೊಂದು ಸಲ ಎಲೆಅಡಿಕೆ ಜೊತೆ ಜಗಿದು ಉಗುಳುತ್ತಿದ್ದಳು. ಅಜ್ಜಿಯ ಎದುರು ದೊಡ್ಡಮ್ಮ ಗಂಡನೊಂದಿಗೆ ನೇರ ಮಾತಾಡುವಂತೆಯೇ ಇರಲಿಲ್ಲ. ಗಂಡ ಎರಡು ಮಾರು ದೂರದಲ್ಲಿ ಕೂತಿದ್ದರೂ ನನಗೆ ಹೇಳುತ್ತಿದ್ದಳು: "ನಿಮ್ ದೊಡ್ಡಪ್ಪುಂಗೆ ಹೇಳವ್ವ, ಸಾರು ಆರೋಯ್ತಾ ಐತೆ." ಅವನೂ ನನಗೇ ಹೇಳುತ್ತಿದ್ದ: "ಬತ್ತೀನಂತೆ ಅಂತ ಹೇಳು." ನಾನು ಮಧ್ಯದಲ್ಲಿ ಟೆಲಿಫೋನ್ ತಂತಿ.

ಹೀಗಿರುವಾಗ ಊರಿಗೆ ಮಲೇರಿಯಾದವರು ಬಂದರು. ಖಾಕಿ ಚಡ್ಡಿ, ಬಕೆಟ್ಟು, ಪಂಪು, ಉದ್ದದ ಪೈಪು. ಮನೆಮನೆಯ ಒಳಗೋಡೆಗೆ ಡಿಡಿಟಿ ಹೊಡೆದು, ಬಾಗಿಲ ಮೇಲೆ ತಾರೀಕು ಬರೆದು ಹೋಗುವುದು ಅವರ ಕೆಲಸ. ಆಗೆಲ್ಲ ಚಳಿಜ್ವರ ಮನೆಮನೆಗೂ ಬರುತ್ತಿತ್ತು. ನಮ್ಮ ದೊಡ್ಡಮ್ಮನಿಗಂತೂ ವರ್ಷ ವರ್ಷ. ಇದ್ದಬದ್ದ ಕೌದಿ ಎಲ್ಲ ಹೊದಿಸಿ, ಮೇಲೆ ನಾನೂ ಜಯಕ್ಕನೂ ಕೂತರೂ ನಡುಕ ನಿಲ್ಲುತ್ತಿರಲಿಲ್ಲ. ನಾವೂ ಅವಳ ಜೊತೆ ನಡುಗುತ್ತಿದ್ದೆವು.

"ಯಜಮಾನ್ರೇ, ಪಾತ್ರೆ ಪಗಡ ಈಚೆ ಹಾಕ್ಸಿ, ಔಸ್ದಿ ಹೊಡೀಬೇಕು," ಅಂದ ಅವರ ಮೇಸ್ತ್ರಿ.

"ಕೇಳ್ಬೇಕಪ್ಪ," ಅಂದ ದೊಡ್ಡಪ್ಪ.

"ಕೇಳಿ. ಮನೇವ್ರನ್ನ ಕರೀರಿ."

"ಮನೇವ್ರನ್ನಲ್ಲ."

ಅಷ್ಟರಲ್ಲಿ ವಾಡೆಯ ಹಿಂದಿನಿಂದ ಎಂಥ ಲೊಚಗುಟ್ಟುವಿಕೆ ಬಂತು ಎಂದರೆ ಮೇಸ್ತ್ರಿ ಪಂಪು ಬಿಟ್ಟು ಹಿಂದೆ ಸರಿದ. "ಎಷ್ಟ್ ದಪ್ಪದ್ ಹಲ್ಲಿ ಸಾಕಿದೀರಾ ನೀವು?"

ಔಷಧಿ ಹೊಡೆದರು. ಗೋಡೆಯ ಮೇಲೆ ಬೆಳ್ಳನೆ ಪುಡಿ ಮೆತ್ತಿಕೊಂಡಿತು. ಮಾರನೆಯ ದಿನ ಜಿರಳೆಗಳು ಅಂಗಾತ ಬಿದ್ದು ಕಾಲು ಒದರುತ್ತಿದ್ದವು. ಹಲ್ಲಿಗಳಿಗೆ ಬೀಗರೂಟ. ಕೂತಲ್ಲಿಗೇ ಜಿರಳೆ! ತಿಂದವು, ತಿಂದವು, ಹೊಟ್ಟೆ ಗೋಡೆಗೆ ಉಜ್ಜುವಷ್ಟು ತಿಂದವು. ಆಮೇಲೆ ಹಲ್ಲಿಗಳೇ ಉದುರಲು ಶುರುವಾದವು.

ಹಲ್ಲಿ ಮೈಮೇಲೆ ಬೀಳುವುದಕ್ಕೂ ಶಾಸ್ತ್ರ ಇದೆಯಲ್ಲ? ತಲೆ ಮೇಲೆ ಬಿದ್ದರೆ ಜೀವಕ್ಕೆ ಕೇಡು, ಬಲಗೈ ಮೇಲೆ ಬಿದ್ದರೆ ಲಾಭ, ಕಾಲ ಮೇಲೆ ಬಿದ್ದರೆ ಪ್ರಯಾಣ. ವರ್ಷಕ್ಕೊಂದು ಬಿದ್ದರೆ ಶಾಸ್ತ್ರ ನಡೆಯುತ್ತದೆ. ಮಳೆಯಂತೆ ಸುರಿದರೆ? ಒಂದು ಬೆಳಗ್ಗೆ ದೊಡ್ಡಪ್ಪನ ತಲೆ ಮೇಲೆ ಬಿತ್ತು. ತಣ್ಣೀರು ಸ್ನಾನ ಮಾಡಿ ಬಂದ. ತಲೆ ಒರೆಸುತ್ತಿರುವಾಗ ಬಲಗೈ ಮೇಲೆ ಬಿತ್ತು, ಮೀಸೆ ತಿರುವಿದ. ಕಾಲ ಮೇಲೆ ಬಿತ್ತು. ಶರ್ಟು ಹಾಕಿಕೊಂಡು ಮಧುಗಿರಿ ಬಸ್ಸಿಗೆ ಹೊರಟ. ಹೊಸ್ತಿಲಲ್ಲಿ ಮತ್ತೆ ತಲೆ ಮೇಲೆ! ಹಾಕಿದ ಶರ್ಟಿನಲ್ಲೇ ಮತ್ತೆ ಬಚ್ಚಲಿಗೆ. ಸಾಯಂಕಾಲದ ಹೊತ್ತಿಗೆ ದೊಡ್ಡಪ್ಪ ಸತ್ತು, ಶ್ರೀಮಂತನಾಗಿ, ಊರೂರು ತಿರುಗಿ, ಮತ್ತೆ ಸತ್ತು, ನೆಗಡಿ ಹತ್ತಿ ಕೂತಿದ್ದ.

"ಏನ್ಲಾ ಇದು, ಶಕುನವೋ ಸೋರೋ ಮಾಳಿಗೆಯೋ?" ಅಂದಳು ಅಜ್ಜಿ, ತಲೆ ಮೇಲೆ ಮೊರ ಹಿಡಿದುಕೊಂಡು.

ಬಿದ್ದ ಹಲ್ಲಿಗಳನ್ನು ನಮ್ಮ ಬೆಕ್ಕು ಆರಿಸಿ ಆರಿಸಿ ತಿಂದಿತು. ದೊಡ್ಡಮ್ಮ ಸಾಕಿದ ಬಿಳಿ ಬೆಕ್ಕು ಅದು. ಆಮೇಲೆ ಅದೂ ನಡುಗಲು ಶುರುಮಾಡಿತು. ಚಳಿಜ್ವರದಲ್ಲಿ ದೊಡ್ಡಮ್ಮ ಹೇಗೆ ನಡುಗುತ್ತಿದ್ದಳೋ ಥೇಟ್ ಹಾಗೇ. ಅವಳು ಅದನ್ನು ತನ್ನ ಕೌದಿಯಲ್ಲೇ ಸುತ್ತಿ ಮಡಿಲಲ್ಲಿಟ್ಟುಕೊಂಡು ಒರಳಿನ ಪಕ್ಕ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ನಡುಕ ನಿಂತಿತು. ಬೆಕ್ಕೂ ಇರಲಿಲ್ಲ.

"ಔಸ್ದಿ ಜಿರ್ಲೆ ತಿಂತು, ಜಿರ್ಲೇನ ಹಲ್ಲಿ ತಿಂತು, ಹಲ್ಲೀನ ಬೆಕ್ಕು ತಿಂತು," ಅಂದಳು ದೊಡ್ಡಮ್ಮ ನನಗೆ. "ನಿಮ್ ದೊಡ್ಡಪ್ಪುಂಗೆ ಹೇಳವ್ವ, ಇನ್ ಇಲಿಗುಳ್ಗೆ ಊಟುದ್ ಎಲೆ ಹಾಕ್ಸು ಅಂತ."

ಅವಳು ಹೇಳಿದಂತೆಯೇ ಆಯಿತು. ಬೆಕ್ಕಿಲ್ಲದ ಮನೆಯಲ್ಲಿ ಇಲಿಗಳು ಕಡ್ಲೆಕಾಯಿ ಚೀಲದ ಮೇಲೆ ಹಗಲುಹೊತ್ತೇ ಓಡಾಡಿದವು. ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತದೆ: ಆ ವರ್ಷ ದೊಡ್ಡಮ್ಮನಿಗೆ ಚಳಿಜ್ವರ ಬರಲಿಲ್ಲ. ಆ ಪುಡಿಯನ್ನು ಬೈಯಬೇಕೋ ಕೈ ಮುಗಿಯಬೇಕೋ ನಮ್ಮ ಮನೆಯಲ್ಲಿ ಇವತ್ತಿಗೂ ತೀರ್ಮಾನವಾಗಿಲ್ಲ.

ಆದರೆ ಅಸಲು ಪೇಚಾಟ ಶುರುವಾದದ್ದು ಆಗಲೇ. ಜಯಕ್ಕನಿಗೆ ಕೊರಟಗೆರೆಯಿಂದ ಗಂಡು ಬಂದಿತ್ತು. ಹುಡುಗನದು ಸೈಕಲ್ ಶಾಪು. ಮಧುಗಿರಿಯಲ್ಲಿ ನೆಂಟರ ಮದುವೆಯಲ್ಲಿ ಜಯಕ್ಕ ಅವನನ್ನು ನೋಡಿ ಮನಸ್ಸಿನಲ್ಲೇ ಒಪ್ಪಿಯೂ ಆಗಿತ್ತು. ದೊಡ್ಡಮ್ಮನಿಗೂ ಒಪ್ಪಿಗೆ. ಅಜ್ಜಿಗೆ ಮಾತ್ರ ಒಪ್ಪಿಗೆಯಿಲ್ಲ. "ಹೊಲ ಇಲ್ಲ, ಮನೆ ಇಲ್ಲ, ಟೂಬಿಗೆ ಗಾಳಿ ಹೊಡ್ಯೋನಿಗೆ ಹೆಣ್ ಕೊಡ್ತೀಯೇನ್ಲಾ?"

ದೊಡ್ಡಪ್ಪ ಎಂದಿನಂತೆ ಗೋಡೆ ನೋಡಿದ. ಗೋಡೆಯ ಮೇಲೆ ಒಂದೂ ಹಲ್ಲಿ ಇರಲಿಲ್ಲ.

ದೊಡ್ಡಮ್ಮನ ಕಷ್ಟ ನಿಮಗೆ ಅರ್ಥವಾಯಿತೇ? ಹಲ್ಲಿಯೇ ಇಲ್ಲದ ಮನೆಯಲ್ಲಿ ಲೊಚಗುಟ್ಟುವುದು ಹೇಗೆ? ತಾನೇ ಒಪ್ಪಿಗೆ ಕೊಟ್ಟು ಹೊಡೆಸಿದ ಔಷಧಿ ಅವಳ ಬಾಯಿಯನ್ನೇ ಕಟ್ಟಿತ್ತು. ಗಂಡಿನ ತಂದೆ ಹೇಳಿ ಕಳಿಸಿದ್ದರು: ಸೋಮವಾರ ಬರುತ್ತೇವೆ, ಆಗಲೂ ಮಾತು ಕೊಡದಿದ್ದರೆ ಸಿರಾ ಕಡೆ ಹೆಣ್ಣಿದೆ. ಜಯಕ್ಕ ಊಟ ಬಿಟ್ಟಳು.

ಆಗ ದೊಡ್ಡಪ್ಪ ಮಾಡಿದ್ದನ್ನು ಕೇಳಿದರೆ ನಗುತ್ತೀರಿ. ಹಲ್ಲಿ ಹುಡುಕಿಕೊಂಡು ಹೊರಟ! ಊರಲ್ಲಿ ಮನೆಮನೆಗೆ ಹೋಗಿ, ಹೆಪ್ಪಿಗೆ ಮೊಸರು ಕೇಳುವವರ ಹಾಗೆ, "ಒಂದ್ ಹಲ್ಲಿ ಇದ್ರೆ ಕೊಡ್ರಪ್ಪ" ಎಂದು ಕೇಳಿದ. ಯಾರ ಮನೆಯಲ್ಲೂ ಇರಲಿಲ್ಲ. ಎಲ್ಲರ ಬಾಗಿಲ ಮೇಲೂ ತಾರೀಕು ಇತ್ತು. ಕೊನೆಗೆ ಔಷಧಿ ಕಾಣದ ಜಾಗ ಅಂದರೆ ಬೆಟ್ಟ ಎಂದು ಕೋಟೆ ಹತ್ತಿದ. ಮೊಣಕಾಲು ತರಚಿಕೊಂಡು, ಪಂಚೆ ಹರಿದುಕೊಂಡು, ಚೊಂಬಿನ ಬಾಯಿಗೆ ಟವಲು ಕಟ್ಟಿಕೊಂಡು ಇಳಿದು ಬಂದ. ಚೊಂಬಿನೊಳಗೆ ಒಂದು ಹಲ್ಲಿ.

"ಕೋಟೆ ಹಲ್ಲಿ. ಪಾಳೆಗಾರರ ಕಾಲುದ್ದು," ಅಂದ.

"ಪರಸ್ಥಳದ್ದು ಕಣ್ಲಾ. ನಮ್ಮನೆ ಇಸ್ಯ ಅದುಕ್ಕೇನ್ ಗೊತ್ತು?" ಅಂದಳು ಅಜ್ಜಿ.

ದೊಡ್ಡಪ್ಪ ಚೊಂಬು ಹಿಡಿದು ಒಳಗೆ ನಡೆದ. ಹಲ್ಲಿಯನ್ನು ತಂದು ಜಗುಲಿ ಗೋಡೆಗೆ ಬಿಡಲಿಲ್ಲ, ನಡುಮನೆಗೂ ಬಿಡಲಿಲ್ಲ. ನೇರವಾಗಿ ಅಡುಗೆಮನೆ ಬಾಗಿಲ ಪಕ್ಕಕ್ಕೆ, ರಾಗಿ ವಾಡೆಯ ಮೇಲಿನ ಗೋಡೆಗೆ ಬಿಟ್ಟ. ಅಲ್ಲೇ ಯಾಕೆ ಎಂದು ನಾನಾಗ ಯೋಚಿಸಲಿಲ್ಲ.

ಸೋಮವಾರ ಗಂಡಿನ ತಂದೆ ಬಂದರು. ಕೆಂಪು ರುಮಾಲು, ಕಡಿಮೆ ಮಾತಿನ ಮನುಷ್ಯ. ವಾಡೆಗೆ ಹತ್ತಿರವೇ ಚಾಪೆ ಹಾಸಿದ್ದರು. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು:

"ಏನ್ ಮಾಡಿದ್ರಿ ಗೌಡ್ರೇ?"

"ಹೆಣ್ಣು ಕೊಡಾಣ ಅಂತ…" ಎಂದು ದೊಡ್ಡಪ್ಪ ಅರ್ಧಕ್ಕೆ ನಿಲ್ಲಿಸಿ ಗೋಡೆ ನೋಡಿದ.

ಎಲ್ಲರೂ ನೋಡಿದೆವು. ಕೋಟೆ ಹಲ್ಲಿ ಒಂದು ಸಲ ಬಾಲ ಅಲ್ಲಾಡಿಸಿತು. ನಡುಗಿತು. ಆಮೇಲೆ ಪಟ್ಟೆಂದು ಗಂಡಿನ ತಂದೆಯ ಕೆಂಪು ರುಮಾಲಿನ ಮೇಲೆ ಬಿದ್ದು, ಅಲ್ಲಿಂದ ಜಾರಿ ಕಾಫಿ ಲೋಟದ ಪಕ್ಕ ಅಂಗಾತ ಬಿತ್ತು. ಸತ್ತಿತ್ತು.

ಗಂಡಿನ ತಂದೆ ರುಮಾಲು ತೆಗೆದು ಕೊಡವಿದರು. "ತಲೆ ಮ್ಯಾಲೆ ಬಿದ್ದೈತೆ. ಇನ್ನೇನ್ ಶಾಸ್ತ್ರ ಬೇಕು? ನಾನ್ ಹೊಂಟೆ," ಎಂದು ಎದ್ದು ನಿಂತರು. ಅಜ್ಜಿ ನೆಮ್ಮದಿಯಾಗಿ ಎಲೆಗೆ ಸುಣ್ಣ ಹಚ್ಚಿದಳು. ಕೋಣೆಯಲ್ಲಿ ಜಯಕ್ಕನ ಬಳೆ ಸದ್ದಾಯಿತು, ಆಮೇಲೆ ಅದೂ ಇಲ್ಲ.

ಆಗ ಬಂತು, ವಾಡೆಯ ಹಿಂದಿನಿಂದ.

ಲೊಚ್. ಲೊಚ್. ಲೊಚ್.

ಮೊದಲಿನ ಗತ್ತು ಇರಲಿಲ್ಲ. ಗಂಟಲು ಒಣಗಿದವರ ಸದ್ದು ಅದು. ಗಂಡಿನ ತಂದೆ ಕೆಳಗೆ ಬಿದ್ದಿದ್ದ ಹಲ್ಲಿಯನ್ನು ನೋಡಿದರು. ಅದು ಅಂಗಾತವೇ ಇತ್ತು.

ದೊಡ್ಡಪ್ಪ ಬಗ್ಗಿ ನೆಲ ಕುಟ್ಟಿದ. "ದಿಟ. ಕೊಟ್ಟೆ ಕಣ್ರೀ ಮಗಳ್ನ."

"ಅದು ಸತ್ತೈತಲ್ಲ ಗೌಡ್ರೇ. ಯಾವ್ ಹಲ್ಲಿ ನುಡೀತು?"

"ಇದು ಕೋಟೇದು. ನುಡಿದಿದ್ದು ನಮ್ಮನೇದು."

ಅಜ್ಜಿ ಬಾಯಿ ತೆರೆದಳು. ದೊಡ್ಡಪ್ಪ ಕೋತಿ ಎಬ್ಬಿಸುವ ಆ ಕೆಮ್ಮು ಕೆಮ್ಮಿದ. ಅಜ್ಜಿ ಎಲೆ ಬಾಯಿಗಿಟ್ಟುಕೊಂಡಳು.

ಜಯಕ್ಕ ಕೊರಟಗೆರೆಗೆ ಹೋದಳು, ಸುಖವಾಗಿದ್ದಳು. ಹಲ್ಲಿಯೇ ಇಲ್ಲದ ಮನೆಯಲ್ಲಿ ಹಲ್ಲಿ ನುಡಿಯಿತೆಂದು ನಂಬಿ ಮಗಳನ್ನು ಧಾರೆ ಎರೆದ ಪುಣ್ಯಾತ್ಮ ಎಂದು ನಾವೆಲ್ಲ ದೊಡ್ಡಪ್ಪನನ್ನು ಎಷ್ಟೋ ವರ್ಷ ಆಡಿಕೊಂಡು ನಕ್ಕೆವು. ಅವನೂ ನಗುತ್ತಿದ್ದ. ಅಜ್ಜಿ ಹೋದಳು. ಮಲೇರಿಯಾದವರು ಬರುವುದು ನಿಂತಿತು. ಗೋಡೆಯ ಪುಡಿ ಉದುರಿ, ಮೇಲೆ ಸುಣ್ಣ ಬಿದ್ದು, ಹಲ್ಲಿಗಳು ಒಂದೊಂದೇ ವಾಪಸು ಬಂದವು. ಒಂದು ಬೇಸಿಗೆಯಲ್ಲಿ ದೊಡ್ಡಮ್ಮನೂ ಹೋದಳು.

ಅವಳ ತಿಥಿ ಮುಗಿದ ಮೇಲೆ ಒಂದು ದಿನ ನಾನೂ ದೊಡ್ಡಪ್ಪನೂ ನಡುಮನೆಯಲ್ಲಿ ಕೂತಿದ್ದೆವು. ಬಾಷಾ ಸಾಬರ ಮಗ ಕಡ್ಲೆಕಾಯಿಗೆ ಬರುತ್ತಾನಂತೆ, ಕೊಡುವುದೋ ಬೇಡವೋ ಎಂದು ಏನೋ ಹೇಳುತ್ತಿದ್ದ ದೊಡ್ಡಪ್ಪ ಅಭ್ಯಾಸದಂತೆ ಅರ್ಧಕ್ಕೆ ನಿಲ್ಲಿಸಿದ. ವಾಡೆಯ ಮೇಲಿನ ಗೋಡೆಯಲ್ಲಿ ಕೊಬ್ಬಿದ ಹಲ್ಲಿಯೊಂದು ಸ್ಪಷ್ಟವಾಗಿ ಲೊಚಗುಟ್ಟಿತು.

ನಾನು ನೆಲ ಕುಟ್ಟಿದೆ. ಅವನು ಕುಟ್ಟಲಿಲ್ಲ.

"ನುಡೀತಲ್ಲ ದೊಡ್ಡಪ್ಪ," ಅಂದೆ.

ಅವನು ವಾಡೆಯ ಕಡೆಯೇ ನೋಡುತ್ತಾ ಕೂತಿದ್ದ.

"ಅದು ಬರೀ ಹಲ್ಲಿ ಕಣವ್ವ," ಅಂದ.